ಮೇಲೊಂದು ಹಿಡಿ

ಹರಿಣಿ ಕೊಟ್ಟ ಲಕೋಟೆಯನ್ನು ಬೀರಜ್ಜಿ ಮೊದಲು ಮೂಸಿ ನೋಡಿದಳು. ಅಂಗೈಯಗಲದ, ಬೆಳ್ಳಿ ಬಣ್ಣದ ಲಕೋಟೆ. ಭತ್ತದ ವಾಸನೆ ಎಲ್ಲಿಂದ ಬರಬೇಕು? ಏಳು ವರ್ಷ ಯುರೋಪಿನ ಯಾವುದೋ ಊರಿನ ಚಳಿ ಕೊರೆಯುವ ಕೋಣೆಯಲ್ಲಿ ಮಲಗಿದ್ದು ಎದ್ದುಬಂದ ಬೀಜ ಅದು.

"ಇದೆಂತದು, ತಂಗಿ?"

"ನಿಮ್ಮ ಕಗ್ಗದ ಬೀಜ, ಅಜ್ಜಿ."

ಕಗ್ಗ ಅಂದರೆ ಉಪ್ಪುನೀರಿನಲ್ಲೂ ಎದೆಗೊಟ್ಟು ನಿಲ್ಲುವ ಭತ್ತ. ಗಂಗಾವಳಿ ಹೊಳೆ ಸಮುದ್ರ ಸೇರುವಲ್ಲಿನ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗೆ ಬೇರೆ ಯಾವ ಭತ್ತವೂ ಆಗಿಬರುವುದಿಲ್ಲ. ಏಳು ವರ್ಷದ ಹಿಂದೆ ಹರಿಣಿ ಕೆಲಸ ಮಾಡುವ ಸಂಸ್ಥೆಯವರ ಜೊತೆ ಇಬ್ಬರು ವಿದೇಶಿಯರು ಬಂದು, ಜಗತ್ತಿನ ಬೀಜಗಳನ್ನೆಲ್ಲ ಕಾಪಾಡುತ್ತೇವೆ ಅಂದಾಗ ಬೀರಜ್ಜಿ ಹಿಂದೆಮುಂದೆ ನೋಡದೆ ಒಂದು ಕೊಳಗ ಅಳೆದುಕೊಟ್ಟಿದ್ದಳು. ಬೀಜಕ್ಕೆ ದುಡ್ಡು ಮುಟ್ಟುವ ಹಾಗಿಲ್ಲ. ಕೇಳಿದಾಗ ಕೊಳಗಕ್ಕೆ ಕೊಳಗ, ಮೇಲೊಂದು ಹಿಡಿ ಸೇರಿಸಿ ತಂದುಕೊಟ್ಟರಾಯಿತು. ಊರಿನ ಈ ಕ್ರಮವನ್ನು ಅವಳು ಹೇಳಿದ್ದಳು, ಹರಿಣಿ ಇಂಗ್ಲಿಷಿನಲ್ಲಿ ತಿಳಿಸಿದ್ದಳು. ವಿದೇಶಿಯರು ಬಹಳ ಮೆಚ್ಚಿ ತಲೆಯಾಡಿಸಿ, ಫೋಟೊ ಹೊಡೆದುಕೊಂಡು ಹೋದರು. ತಲೆಯಾಡಿಸಲು ಯಾರಪ್ಪನ ಗಂಟು ಹೋಗುತ್ತದೆ!

ಎರಡು ವರ್ಷ ಕಳೆದು ಗಜನಿಗೆ ಸಿಗಡಿ ಬಂತು. ಗುತ್ತಿಗೆದಾರನೊಬ್ಬ ವರ್ಷವಿಡೀ ಉಪ್ಪುನೀರು ನಿಲ್ಲಿಸಿ ಅಮೆರಿಕಕ್ಕೆ ಕಳಿಸುವ ಸಿಗಡಿ ಸಾಕತೊಡಗಿದ. ಬೀಜದ ಸಂತಾನ ಉಳಿಯಲೆಂದು ಊರ ಹೆಂಗಸರು ಬಿತ್ತನೆ ಭತ್ತ ಕಟ್ಟಿಟ್ಟ ತಮ್ಮ ಹುಲ್ಲಿನ ಮುಡೆಗಳನ್ನು ಹೊಳೆಯಾಚೆಯ ಊರಿಗೆ ಒಯ್ದು ಬಿತ್ತಿಸಲು ಹೊರಟಾಗ ತಡೆದವಳು ಬೀರಜ್ಜಿಯೇ. "ನಮ್ಮ ಬೀಜ ವಿದೇಶದವ್ರ ಹತ್ರ ಅದೆ. ಬೇಕಾದಾಗ ಬತ್ತದೆ. ಇದ್ದದ್ದು ಉಣ್ಣಿ" ಅಂದಿದ್ದಳು. ಅವಳ ಮಾತು ನಂಬಿ ಎಲ್ಲರ ಮನೆಯ ಬಿತ್ತನೆ ಭತ್ತವೂ ಗಂಜಿಯಾಯಿತು. ಕಳೆದ ವರ್ಷ ಅಮೆರಿಕದವರು ಸುಂಕ ಏರಿಸಿದರು. ಗುತ್ತಿಗೆದಾರ ಒಂದು ಬೆಳಿಗ್ಗೆ ಹೇಳದೆ ಕೇಳದೆ ಪಂಪು ಕಿತ್ತುಕೊಂಡು ಹೋದ. ಗದ್ದೆ ತಿರುಗಿ ಬಂತು, ಬೀಜವಿರಲಿಲ್ಲ. ಇನ್ನೂ ಕಗ್ಗ ಬೆಳೆಯುವ ಕುಮಟೆ ಕಡೆ ಕೇಳಿದರೆ ಅವರಿಗೇ ಸಾಲದು.

ಈಗ ನಾಲ್ಕು ಮಳೆ ಬಿದ್ದು ಮಣ್ಣಿನ ಉಪ್ಪು ತೊಳೆದುಹೋಗಿದೆ. ಬೀಜ ನೆನೆಸಿ, ಮೊಳಕೆ ಬರಿಸಿ ಎರಚಲು ಇನ್ನು ಒಂದು ವಾರವಷ್ಟೇ ಉಳಿದಿದೆ. ಬೀಜ ಬಂತೆಂದು ಕೇಳಿ ಪಕ್ಕದ ಮನೆಯ ಜಾನಕಿಯೂ ಇನ್ನು ನಾಲ್ವರೂ ಬುಟ್ಟಿ ತಂದು ಅಂಗಳದಲ್ಲಿ ಕೂತಿದ್ದರು.

ಒಳಗೆ ಬೀರಜ್ಜಿ ಲಕೋಟೆ ಹರಿದು, ಭತ್ತ ಕೇರುವ ಗೆರಸಿಗೆ ಸುರಿದಳು. ಸುರಿದಳು ಅನ್ನುವುದೂ ಹೆಚ್ಚೇ. ಒಂದಷ್ಟು ಕಾಳು ಉದುರಿ ಗೆರಸಿಯ ಮೂಲೆಗೆ ಸರಿದವು.

"ಇಷ್ಟೇಯಾ?"

"ಐವತ್ತು ಕಾಳು, ಅಜ್ಜಿ. ಎಂಟು ತಿಂಗಳು ಪತ್ರ ಬರೆದೆ. ದೆಹಲಿಗೂ ಬರೆದೆ. ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಬೀಜ ಬರೋದು ಅಂದ್ರೆ ಅದಕ್ಕೊಂದು ಒಪ್ಪಂದ ಇರ್ತದೆ. ಯಾರು ಕೇಳಿದ್ರೂ ಇಷ್ಟೇ ಕೊಡೋದಂತೆ."

ಬೀರಜ್ಜಿಗೆ ಸಿಟ್ಟು ಬರಲಿಲ್ಲ, ಕನಿಕರ ಬಂತು. "ಅಯ್ಯೋ ಪಾಪ! ಅವ್ರ ಬದಿಗೆ ಬೆಳೆ ಹೋಯ್ತಾ? ಬಿತ್ತೂ ಬೀಜನೂ ತಿಂದು ಮುಗೀತಾ?"

ಹೌದು ಅಂದುಬಿಡಲೇ ಅನ್ನಿಸಿತು ಹರಿಣಿಗೆ. ಶಿರವಾಡದ ತನ್ನ ಆಫೀಸಿನಲ್ಲಿ ಕೂತು ಎಷ್ಟೋ ವರದಿಗಳಿಗೆ ಬಣ್ಣ ಹಚ್ಚಿದವಳು. ಇದೊಂದು ಸುಳ್ಳು ಬಾಯಿಗೆ ಬರಲಿಲ್ಲ.

"ಇಲ್ಲ ಅಜ್ಜಿ. ನೀವು ಕೊಟ್ಟದ್ದು ಅಲ್ಲೇ ಇದೆ. ಭದ್ರವಾಗಿದೆ."

"ಇದ್ದೂ ಕೊಡೂದಿಲ್ವಾ?"

ಹರಿಣಿಯ ಬ್ಯಾಗಿನಲ್ಲಿ ಇನ್ನೊಂದು ಕಾಗದವಿತ್ತು. ಈ ಬೀಜವನ್ನು ಬೇರೆ ಯಾರಿಗೂ ಹಂಚುವುದಿಲ್ಲವೆಂದು ಬೀರಜ್ಜಿ ಅದರ ಮೇಲೆ ಹೆಬ್ಬೆಟ್ಟು ಒತ್ತಬೇಕು. ಅದನ್ನು ತೆಗೆಯಲು ಹರಿಣಿಗೆ ಕೈ ಬರಲಿಲ್ಲ. "ಜೋಪಾನ ಮಾಡಿದ್ರೆ ನಾಕು ವರ್ಷಕ್ಕೆ ಗದ್ದೆ ತುಂಬ್ತದೆ" ಅಂದಳು. ಹೇಳುವಾಗ ಅವಳಿಗೇ ನಾಚಿಕೆಯಾಯಿತು.

"ನಾಕು ವರ್ಷ ಗದ್ದೆ ಖಾಲಿ ಬಿಡೂಕೆ ಯಾರು ಬಿಡ್ತ್ರು? ಮೊನ್ನೆನೇ ಇನ್ನೊಬ್ಬ ಸಿಗಡಿಯವ ಬಂದು ನೋಡ್ಕಂಡು ಹೋಗಾನೆ. ಈ ಸಲ ಚೀನಾಕ್ಕಂತೆ." ಬೀರಜ್ಜಿ ಬಾಗಿಲಾಚೆ ನೋಡಿದಳು. "ಹೊರಗೆ ಕೂತವ್ರಿಗೆ ನೀನೇ ಹೇಳು, ತಂಗಿ."

ಹರಿಣಿ ಹರಿದ ಲಕೋಟೆಯನ್ನು ಮಡಚತೊಡಗಿದಳು. ಅಂದು ಬಿತ್ತನೆ ಭತ್ತ ಉಣ್ಣಿ ಅಂದವಳು ತಾನು, ಹೇಳಬೇಕಾದವಳೂ ತಾನೇ ಎಂದು ಬೀರಜ್ಜಿಗೆ ಗೊತ್ತಿತ್ತು. ಗೆರಸಿ ಹಿಡಿದು ಅಂಗಳಕ್ಕೆ ಇಳಿದಳು, ಹಿಂದೆ ಹರಿಣಿಯೂ.

ಜಾನಕಿ ಎದ್ದುಬಂದಳು. ಅಂಕೋಲೆ ಪೇಟೆಯಲ್ಲಿ ಅಕ್ಕಿ ಕೊಳ್ಳುವ ಮೊದಲು ಮಾಡುವಂತೆ ಒಂದು ಕಾಳು ಆಯ್ದು ಹಲ್ಲಲ್ಲಿ ಕಚ್ಚಿ ಮುರಿದಳು. ಹಿಂದೆಯೇ ಬಂದ ನಾಲ್ವರೂ ಒಂದೊಂದು ಕಚ್ಚಿದರು. ತಡೆಯಲು ಹರಿಣಿಯ ಕೈ ಮುಂದೆ ಬಂದು, ಅಲ್ಲೇ ನಿಂತಿತು.

"ನಮ್ದೇ ಕಗ್ಗ!" ಜಾನಕಿಯ ಮುಖ ಅರಳಿತು. "ಅಂತೂ ಮಾತು ಉಳಿಸ್ಕಂಡ್ರು ನೋಡು, ಬೀರಕ್ಕಾ. ಸ್ಯಾಂಪಲ್ಲು ಚಲೋ ಅದೆ. ಚೀಲ ಗಾಡೀಲದೆ ಅಲ್ದಾ? ನೀ ಕೂತ್ಕ, ನಾವೇ ಹೊತ್ಕಂಡು ಬತ್ತೇವು."

ಬೀರಜ್ಜಿ ಬಾಯಿ ತೆರೆದಳು. ಆಮೇಲೆ ಗೆರಸಿಯಲ್ಲಿ ಉಳಿದ ಕಾಳುಗಳ ಮೇಲೆ ಅಂಗೈ ಮುಚ್ಚಿದಳು.

ಐವರೂ ಬುಟ್ಟಿ ಎತ್ತಿಕೊಂಡು ರಸ್ತೆಯ ಕಡೆ ನಡೆದರು. ರಸ್ತೆಯಲ್ಲಿ ಹರಿಣಿಯ ಸ್ಕೂಟಿಯೊಂದೇ ನಿಂತಿತ್ತು.