ಅಪ್ಪನ ಮೂರು ದಿನ

ಸೀಮೆಸುಣ್ಣದ ವಾಸನೆ ಬಂದರೆ ನನಗೆ ಈಗಲೂ ಮೂಡಿಗೆರೆಯ ಆ ಶಾಲೆಯ ಕೋಣೆ ನೆನಪಾಗುತ್ತದೆ.

ನನಗಾಗ ಒಂಬತ್ತು ವರ್ಷ. ಕುಡಿತ ಬಿಡುವವರು ಭಾನುವಾರ ಮಧ್ಯಾಹ್ನ ಅಲ್ಲಿ ಸೇರುತ್ತಾರೆಂದು ಅಪ್ಪ ಕೆಲಸಕ್ಕಿದ್ದ ಕಾಫಿ ಎಸ್ಟೇಟಿನ ನರ್ಸಮ್ಮ ಅಮ್ಮನಿಗೆ ಹೇಳಿದ್ದರು. ಅಪ್ಪ ದಾರಿಯಲ್ಲಿ ಬಾರ್ ಕಡೆ ತಿರುಗದಿರಲಿ ಎಂದು ಅಮ್ಮ ಪ್ರತಿ ವಾರ ನನ್ನನ್ನೂ ಜೊತೆಗೆ ಕಳಿಸುತ್ತಿದ್ದಳು. ಅಪ್ಪ ಕುಡಿಯದ ಒಂದೊಂದು ದಿನಕ್ಕೂ ನಾನು ಕ್ಯಾಲೆಂಡರಿನಲ್ಲಿ ಒಂದು ಗೀಟು ಹಾಕುತ್ತಿದ್ದೆ. ಕುಡಿದರೆ ಮತ್ತೆ ಒಂದರಿಂದ ಎಣಿಕೆ.

ಆರನೆಯ ಭಾನುವಾರ ಅಪ್ಪ ಮಕ್ಕಳ ಬೆಂಚಿನಿಂದ ಮಂಡಿ ಬಿಡಿಸಿಕೊಂಡು ಎದ್ದು, "ನಲವತ್ತೊಂದು ದಿನ ಆಯ್ತು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಲೆಕ್ಕ ನನ್ನದೇ ಆಗಿದ್ದರಿಂದ ಅಪ್ಪ ಅಭ್ಯಾಸದಂತೆ ನನ್ನ ಕಡೆ ತಿರುಗಿ, "ಅಲ್ವಾ ಪುಟ್ಟಿ?" ಎಂದರು.

"ಅಲ್ಲ ಅಪ್ಪ, ಮೂರು. ಗುರುವಾರ ಕುಡ್ಕೊಂಡು ಬಂದಿದ್ರಲ್ಲ."

ಯಾರೂ ನಗಲಿಲ್ಲ. ಅಪ್ಪನ ಕಿವಿ ಕೆಂಪಾಯಿತು. ಅವರು ಬಾಗಿಲ ಕಡೆ ನೋಡಿದರು. ಸಭೆ ನಡೆಸುತ್ತಿದ್ದ ಮುದುಕರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತ, "ಕೂತ್ಕೊ ಮಾರಾಯ. ಮೂರು ದಿನ ಅಂದ್ರೆ ಸುಮ್ನೆ ಅಲ್ಲ. ಮೊದಲ್ನೇ ಮೂರು ದಿನ ದಾಟೋಕೆ ನಂಗೆ ಎರಡು ವರ್ಷ ಹಿಡೀತು" ಎಂದರು.

ಅಪ್ಪ ಸ್ವಲ್ಪ ಹೊತ್ತು ನಿಂತೇ ಇದ್ದು, ಆಮೇಲೆ ಕೂತರು.

ವಾಪಸು ಬರುವಾಗ ಬಸ್ಸು ಹ್ಯಾಂಡ್‌ಪೋಸ್ಟ್ ಸರ್ಕಲ್ ದಾಟಿತು. ಅಪ್ಪ ಕಿಟಕಿಯಾಚೆ ನೋಡುತ್ತಲೇ ಕೇಳಿದರು: "ಬರೋ ಭಾನುವಾರಕ್ಕೆ ಎಷ್ಟಾಗುತ್ತೆ?"

"ಹತ್ತು," ಎಂದೆ. "ಕುಡೀದೇ ಇದ್ರೆ."

"ಹ್ಞೂಂ" ಎಂದು ಅಪ್ಪ ಕಿಟಕಿಯ ಸರಳಿಗೆ ಹಣೆ ಒತ್ತಿ ಕಣ್ಣು ಮುಚ್ಚಿಕೊಂಡರು.