ಬೀಜಕ್ಕೆ ಬಿಟ್ಟ ಹಕ್ಕಿ

ಚಕ್ಕಡಿಯ ಮರೆಯಿಂದ ಬಂದೂಕು ಎತ್ತಿದ ಮೋದಿನಸಾಬ ಮತ್ತೆ ಇಳಿಸಿದ. ನಾಲತವಾಡದ ಎರೆಹೊಲದಲ್ಲಿ ಉದ್ದ ಕಾಲಿನ ದೊಡ್ಡ ಎರೆಭೂತ ಹಕ್ಕಿ ಒಂದೇ ಒಂದು ನಿಂತಿತ್ತು. ಮೊದಲು ಕಂಡದ್ದನ್ನು ಸಂತತಿ ಉಳಿಯಲೆಂದು ಬೀಜಕ್ಕೆ ಬಿಟ್ಟು ಎರಡನೆಯದಕ್ಕೆ ಗುರಿ ಇಡುವುದು ಅಪ್ಪ ಕಲಿಸಿದ ಬೇಟೆಯ ರಿವಾಜು. ಆಗೆಲ್ಲ ಈ ಹಕ್ಕಿಗಳು ಕುರಿಹಿಂಡಿನಂತೆ ಮೇಯುತ್ತಿದ್ದವು.

“ಯಾಕ ಹೊಡಿವಲ್ಲಿ?” ಎತ್ತಿನ ಹಗ್ಗ ಹಿಡಿದಿದ್ದ ಮುದುಕ ಪರಪ್ಪ ಪಿಸುಗುಟ್ಟಿದ.

“ಎರಡನೇದು ಬರ್ಲಿ, ತಡೀರಿ ಕಾಕಾ.”

“ಹ್ವಾದ ವರ್ಷಾನೂ ಹಿಂಗ ಅಂದಿದ್ದಿ. ಆವಾಗೂ ಇದೊಂದ ಇತ್ತು.”

ಮೋದಿನಸಾಬ ಹೊಲದ ತುಂಬ ಕಣ್ಣಾಡಿಸಿದ. ಅವನು ರಿವಾಜು ಎಂದೂ ಮುರಿದವನಲ್ಲ. ಪ್ರತಿ ಸಲವೂ ಒಂದನ್ನು ಬಿಟ್ಟೇ ಎರಡನೆಯದನ್ನು ಹೊಡೆದಿದ್ದ. ಹಾಗಾದರೆ ಬಿಟ್ಟವೆಲ್ಲ ಎಲ್ಲಿ ಹೋದವು?

ಹಕ್ಕಿ ಗಂಟಲುಬ್ಬಿಸಿ ಗುಮ್ಮೆಂದು ಕೂಗಿತು. ಎಲ್ಲಿಂದಲೂ ಮರುದನಿ ಬರಲಿಲ್ಲ. ಕತ್ತು ಚಾಚಿ, ಅದೂ ಎರಡನೆಯದರ ಹಾದಿ ನೋಡುತ್ತ ನಿಂತಿತು.