ಬೀಗ ಹಾಕಿ ಹೋದವಳು

ಮಾನಸಾಳ ಮನೆಯ ಬೀಗವನ್ನು ನಿಂಗಮ್ಮ ಮೂರನೆಯ ಸಲ ಜಗ್ಗಿದಳು. ಬೀಗ ಜಗ್ಗಿದರೆ ಸಾಲ ತೀರುತ್ತದೆಯೇ? ಆದರೂ ಜಗ್ಗಿದಳು. ಸಿಟ್ಟು ಎಲ್ಲಾದರೂ ಇಳಿಯಬೇಕಲ್ಲ.

"ಮೂರು ವಾರ ಆಯ್ತು. ನಮ್ ಕೈಲಿ ಕಂತು ಕಟ್ಸಿ, ಅವ್ಳು ಎಲ್ಲೋ ಹಾಯಾಗವ್ಳೆ," ಎಂದಳು.

ಪಕ್ಕದಲ್ಲಿದ್ದ ದಾಕ್ಷಾಯಣಿ ಗಲ್ಲಿಯ ಕೊನೆಯತ್ತ ನೋಡುತ್ತಿದ್ದಳು.

ತುಮಕೂರಿನ ಮರಳೂರು ದಿಣ್ಣೆಯ ಆ ಗಲ್ಲಿಯಲ್ಲಿ ಐದು ಹೆಂಗಸರದ್ದು ಒಂದು ಸಾಲದ ಗುಂಪು. ಫೈನಾನ್ಸ್ ಕಂಪನಿ ಅಡವು ಕೇಳದೆ ಸಾಲ ಕೊಟ್ಟಿತ್ತು. ಅಡವು ಎಂದರೆ ಇವರೇ, ಒಬ್ಬರಿಗೊಬ್ಬರು. ಒಬ್ಬಳು ತಪ್ಪಿಸಿದರೆ ಉಳಿದ ನಾಲ್ವರು ಹಂಚಿಕೊಂಡು ಕಟ್ಟಬೇಕು. ಕಟ್ಟುವವರೆಗೆ ಸೋಮವಾರದ ಮೀಟಿಂಗಿನಿಂದ ಯಾರೂ ಏಳುವಂತಿಲ್ಲ. ಮಾನಸಾಳ ವಾರದ ಎಂಟುನೂರು ಈಗ ತಲೆಗೆ ಇನ್ನೂರರಂತೆ ಬಿದ್ದಿತ್ತು.

ದಾಕ್ಷಾಯಣಿಯ ಮನೆಯಲ್ಲಿ ಇನ್ನೇನನ್ನೂ ಕಡಿಮೆ ಮಾಡಲು ಉಳಿದಿರಲಿಲ್ಲ. ಫ್ರಿಜ್ ಯುಗಾದಿಯಿಂದ ಆಫ್ ಆಗಿ ಬೇಳೆ ಡಬ್ಬಿಗಳ ಬೀರುವಾಗಿತ್ತು. ಸೋಸಿದ ಟೀಪುಡಿ ಬಿಸಿಲಿಗೆ ಒಣಗಿ ಮತ್ತೆ ಪಾತ್ರೆಗೆ ಬೀಳುತ್ತಿತ್ತು. ಗ್ಯಾಸ್ ಉಳಿಯಲೆಂದು ಅಕ್ಕಿ ಗಂಟೆಗಟ್ಟಲೆ ನೆನೆಯುತ್ತಿತ್ತು. ಖಾಲಿ ಸೈಟುಗಳಲ್ಲಿ ಪುಕ್ಕಟೆ ಸಿಗುವ ನುಗ್ಗೆಸೊಪ್ಪು ವಾರಕ್ಕೆ ನಾಲ್ಕು ದಿನ ಸಾರಾಗುತ್ತಿತ್ತು. ಗಂಡ ರೇಣುಕಾಪ್ರಸಾದ್ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಎರಡು ತಿಂಗಳಿಂದ ಅಲ್ಲಿ ಓಟಿಯ ಹೆಚ್ಚುವರಿ ಸಂಬಳ ನಿಂತಿತ್ತು. ಅವನ ಕಾಲಿಗೆ ರಾಡ್ ಹಾಕಿಸಲು ಮಾಡಿದ ಸಾಲ ಇನ್ನೊಂದು ವರ್ಷದಲ್ಲಿ ತೀರುತ್ತದೆಂದು ಅವನು ಕ್ಯಾಲೆಂಡರಿನಲ್ಲಿ ವಾರ ಹೊಡೆದುಹಾಕುತ್ತಿದ್ದ. ಪಾಪದ ಮನುಷ್ಯ. ಹೆಂಡತಿ ಬಡಿಸಿದ್ದನ್ನು ಉಂಡು, ಉಪ್ಪು ಕಡಿಮೆ ಎಂದು ಕೂಡ ಹೇಳುತ್ತಿರಲಿಲ್ಲ.

"ಓಡೋಗೋ ಮುಂಚೆ ಎರಡು ದಿನ ನಿಮ್ಮನೆ ಬಾಗ್ಲಿಗೆ ಬಂದಿದ್ಲಂತಲ್ಲ, ಏನ್ ಕೇಳುದ್ಲು?" ಎಂದಳು ನಿಂಗಮ್ಮ.

"ಕಂತಿಗೆ ದುಡ್ಡು ಕೇಳಿದ್ಲು. ನನ್ನತ್ರ ಎಲ್ಲಿತ್ತು? ಕೊಡೋಕಾಗ್ಲಿಲ್ಲ."

"ನಿನ್ ತಲೆ ಮೇಲೂ ಕೈ ಇಡಕ್ ಬಂದಿದ್ಲು ಅನ್ನು. ಒಳ್ಳೇದೇ ಮಾಡ್ದೆ ಬುಡು."

ಹಿಂದಿನ ವಾರ ದಾಕ್ಷಾಯಣಿಯೇ ಗುಬ್ಬಿಯ ಸುಳಿವು ಕೊಟ್ಟಿದ್ದಳು. ಅಲ್ಲಿ ಮಾನಸಾಳ ಸೋದರತ್ತೆ ಇದ್ದಾಳೆ, ಅಲ್ಲೇ ಇರಬಹುದು ಎಂದು. ನಾಲ್ವರೂ ಹೋಗಿ ಬಿಸಿಲಲ್ಲಿ ಬೆಂದು ಬರಿಗೈಲಿ ಬಂದಿದ್ದರು. ಈಗ ನಿಂಗಮ್ಮನಿಗೆ ಗಟ್ಟಿ ಸುದ್ದಿ ಸಿಕ್ಕಿತ್ತು: ಮಾನಸಾ ಕುಣಿಗಲ್ ಕಡೆ, ಹುತ್ರಿದುರ್ಗದ ತವರಿನಲ್ಲಿದ್ದಾಳೆ.

"ನಾನು ಬರಲ್ಲಕ್ಕ, ಮನೇಲಿ ಕೆಲ್ಸ ಐತೆ," ಎಂದಳು ದಾಕ್ಷಾಯಣಿ.

"ನಾಲ್ಕೂ ಜನ ನಿಂತ್ರೇ ಬೆಲೆ ಕಣೇ. ಬಸ್ಸೇನು, ಫ್ರೀ. ನಡಿ."

ಬಸ್ಸು ಕುಣಿಗಲ್ ತಲುಪುವವರೆಗೂ ದಾಕ್ಷಾಯಣಿ ಒಂದನ್ನೇ ಬೇಡಿಕೊಂಡಳು: ಅವಳು ಅಲ್ಲಿ ಇರದಿರಲಿ, ಶಿವನೇ. ಬೀದಿಯಲ್ಲಿ ಒಬ್ಬ ಹೆಂಗಸಿನ ಮಾನ ಹೋಗುವುದನ್ನು ತಾಳುವ ಶಕ್ತಿ ಅವಳಲ್ಲಿರಲಿಲ್ಲ. ದುರ್ಗದ ಬೆಟ್ಟ ಕಾಣುತ್ತಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಮಾನಸಾ ಅಲ್ಲೇ ಇದ್ದಳು. ಜಗಲಿಯ ಮೇಲೆ ಕೂತು ಕೂಲಿಗೆ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ಇವರನ್ನು ನೋಡಿದವಳು ಓಡಲಿಲ್ಲ. ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟಳು.

"ಐವತ್ತು ಸಾವ್ರ ತಿಂದು ಇಲ್ ಬಂದ್ ಕೂತಿದೀಯಾ?" ನಿಂಗಮ್ಮನ ದನಿಗೆ ಅಕ್ಕಪಕ್ಕದ ಬಾಗಿಲುಗಳು ತೆರೆದುಕೊಂಡವು. "ಏನ್ಮಾಡ್ದೆ ಅಷ್ಟು ದುಡ್ಡ? ಬಾಯ್ಬುಡು."

ಮಾನಸಾ ನಿಂಗಮ್ಮನನ್ನು ನೋಡಲೇ ಇಲ್ಲ. "ದಾಕ್ಷಾಯಣಕ್ಕ," ಎಂದಳು, "ನೀವಾದ್ರೂ ಒಂದ್ ಮಾತಾಡಿ."

"ಅವ್ಳನ್ಯಾಕೆ ಎಳೀತೀಯ? ಮೆತ್ತಗವ್ಳೆ ಅಂತಾನಾ?"

ಎಲ್ಲರೂ ದಾಕ್ಷಾಯಣಿಯತ್ತ ತಿರುಗಿದರು. ಮನೆಯಲ್ಲಿ ಕುಂಟುತ್ತಾ ಕ್ಯಾಲೆಂಡರಿನ ಮುಂದೆ ನಿಲ್ಲುವ ಗಂಡ ಅವಳ ಕಣ್ಣ ಮುಂದೆ ಬಂದ. ಈ ಸೋಮವಾರದ ಕಂತಿಗೇ ಮನೆಯಲ್ಲಿ ಕಾಸಿಲ್ಲ ಎಂಬುದೂ ನೆನಪಾಯಿತು. ಯಾವ ಕಡೆ ತಿರುಗಿದರೂ ಗೋಡೆ.

"ಕಟ್ಬುಡು ಮಾನಸಾ," ಎಂದಳು ಕೊನೆಗೆ, ನೆಲ ನೋಡುತ್ತಾ. "ನಮ್ ಕೈಲೂ ಆಗ್ತಿಲ್ಲ."

ಮಾನಸಾ ಅವಳನ್ನೇ ನೋಡಿದಳು. ಆಮೇಲೆ ಹುಣಸೆ ಅಂಟಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು, ಎರಡೂ ಕಿವಿಯ ಓಲೆಗಳ ತಿರುಪು ಬಿಚ್ಚಿದಳು. ಮೈಮೇಲೆ ಚಿನ್ನವೆಂದು ಇದ್ದದ್ದು ಅಷ್ಟೇ.

"ನಾನೇ ತಿಂದೆ ಕಣ್ರಕ್ಕ. ತಗೊಳಿ. ಉಳಿದಿದ್ದನ್ನ ಕೂಲಿ ಮಾಡಿ ತೀರುಸ್ತೀನಿ."

ನಿಂಗಮ್ಮನ ಸಿಟ್ಟು ಅರ್ಧ ಇಳಿಯಿತು. ಓಲೆಗಳನ್ನು ಅಂಗೈಯಲ್ಲಿ ತೂಗಿ ನೋಡಿದಳು. ಉಳಿದಿಬ್ಬರು ಹೆಂಗಸರ ಮುಖ ನೋಡಿದಳು. ಕೊನೆಗೆ ಅವನ್ನು ದಾಕ್ಷಾಯಣಿಯ ಕೈಗಿಟ್ಟು ಬೆರಳು ಮಡಿಸಿದಳು.

"ನೀನೇ ಇಟ್ಕೊ. ಗುಂಪಲ್ಲಿ ನಿನ್ನೊಬ್ಳನ್ನ ಕಣ್ಮುಚ್ಚಿ ನಂಬ್ತೀನಿ."

ಗಂಡನ ಕಾಲಿಗೆ ತನ್ನ ಸಾಲ ಸಾಕಾಗದೆ, ಒಬ್ಬಳಿಗೆ ಒಂದೇ ಸಾಲವೆಂದು ಕಂಪನಿಯೂ ಹೇಳಿದಾಗ, ಕಂತು ತಾನೇ ಕೊಡುತ್ತೇನೆಂದು ದಾಕ್ಷಾಯಣಿ ಮಾನಸಾಳ ಕೈ ಹಿಡಿದು ಬೇಡಿದ್ದಳು. ಅವಳ ಗಂಡನಿಗೂ ಗುಂಪಿಗೂ ಹೇಳುವುದಿಲ್ಲವೆಂದು ಆಣೆ ಮಾಡಿ, ಆ ಐವತ್ತು ಸಾವಿರವನ್ನು ಮಾನಸಾ ತನ್ನ ಹೆಸರಿನಲ್ಲಿ ಎತ್ತಿ, ಅದೇ ಸಂಜೆ ಎಣಿಸದೆ ತಂದು ಇದೇ ಕೈಗೆ ಕೊಟ್ಟಿದ್ದಳು.